ಗರುಡನ ಫೋಟೋ: ಲೆನ್ಸ್ ಅದೇ, ನಿಲ್ಲುವ ದಿಕ್ಕು ಬೇರೆ

ಮಲ್ಪೆ ಬಂದರಿನ ಗರುಡಗಳ ಫೋಟೋ ಕೆಲಸ ಈ ಚಳಿಗಾಲದಲ್ಲಿ ಸ್ವಲ್ಪ ಮುಂದೆ ಹೋಗಿದೆ. ಹೊಸ ಲೆನ್ಸ್ ಏನೂ ಬಂದಿಲ್ಲ. ನಾನು ನಿಲ್ಲುವ ಜಾಗ, ಹೋಗುವ ಹೊತ್ತು ಬದಲಾಗಿವೆ, ಅಷ್ಟೇ.

ಗರುಡ ಏಳುವುದು, ಇಳಿಯುವುದು ಗಾಳಿಗೆ ಎದುರಾಗಿ. ನೀರಿನ ಮೇಲಿನ ಮೀನು ಎತ್ತುವಾಗಲೂ ಹೆಚ್ಚಾಗಿ ಹಾಗೇ. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಂದರೆ ಪೂರ್ವದಿಂದ. ಸೂರ್ಯನೂ ಅದೇ ಕಡೆ. ಪೂರ್ವಕ್ಕೆ ಬೆನ್ನು ಹಾಕಿ ನಿಂತರೆ ಹಕ್ಕಿ ನನ್ನತ್ತಲೇ ಮುಖ ಮಾಡಿ ಬರುತ್ತದೆ. ಬಿಸಿಲು ಇನ್ನೂ ಕೆಳಗಿರುವುದರಿಂದ ರೆಕ್ಕೆಯ ಅಡಿಗೂ ಬೆಳಕು ಸಿಗುತ್ತದೆ. ಹೊತ್ತು ಏರಿ ಕಡಲಗಾಳಿ ಶುರುವಾದರೆ ಗರುಡ ಪಶ್ಚಿಮಕ್ಕೆ ತಿರುಗಿತು ಅಂತಲೇ ಲೆಕ್ಕ. ಆಮೇಲೆ ನಮಗೆ ಬರೀ ಬಾಲ. ಸಾಲದ್ದಕ್ಕೆ ಕಾದ ನೆಲದ ಝಳ ಬೇರೆ. ದೂರದ ಹಕ್ಕಿ ಎಷ್ಟು ಫೋಕಸ್ ಮಾಡಿದರೂ ಮಸುಕು. ಆ ಹೊತ್ತಿಗೆ ನಾನು ಬಂಗುಡೆ ಕಟ್ಟಿಸಿಕೊಂಡು ಮನೆಗೆ. ಸಂಜೆ ಕಡಲಿಗೆ ಬೆನ್ನು ಹಾಕಿ ನಿಂತರೆ ಗಾಳಿ, ಬೆಳಕು ಮತ್ತೆ ಒಂದೇ ಕಡೆಯಿಂದ.

ಎಕ್ಸ್‌ಪೋಷರ್, ಅಂದರೆ ಫೋಟೋಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು, ಇನ್ನೂ ತಲೆನೋವೇ. ಬಂದರಿನಲ್ಲಿ ಗರುಡನ ಜೊತೆ ಹದ್ದುಗಳೂ ಸುತ್ತುತ್ತವೆ. ಹದ್ದು ಕಡುಕಂದು, ಆಕಾಶದ ಎದುರು ಕರ್ರಗೆ ಬರುತ್ತದೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಬೇಕು. ಅದೇ ಸೆಟ್ಟಿಂಗ್‌ನಲ್ಲಿ ಗರುಡ ಬಂದರೆ ಬೆಳಕು ಹೆಚ್ಚಾಗಿ ಬಿಳಿ ತಲೆಯ ಒಂದು ಗರಿಯೂ ಕಾಣುವುದಿಲ್ಲ. ಈಗ ಮ್ಯಾನುವಲ್‌ನಲ್ಲಿ ಶಟರ್ 1/2500 ಸೆಕೆಂಡಿಗೆ ಇಟ್ಟು, ಆ ಬಿಳಿಗೆ ತಕ್ಕ ಹಾಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಕಟ್ಟಿಹಾಕಿದ್ದೇನೆ. ಹದ್ದು ಕಪ್ಪಾದರೆ ಆಗಲಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ಬೆಳಕು ಎತ್ತಬಹುದು. ಸುಟ್ಟುಹೋದ ಬಿಳಿಯನ್ನು ಯಾರೂ ವಾಪಸ್ ತರಲಾರರು.

ಫೋಟೋ ವಿಂಗಡಿಸುವಾಗ ಒಂದು ಎಚ್ಚರ ಬೇಕು. ಗರುಡನ ಮರಿ ಮೊದಲ ವರ್ಷ ಕಂದು ಕಂದಾಗಿಯೇ ಇರುತ್ತದೆ, ಥೇಟ್ ಹದ್ದಿನ ಹಾಗೆ. ಬಾಲ ನೋಡಿ: ತುದಿ ದುಂಡಗಿದ್ದರೆ ಗರುಡ, ಕವಲೊಡೆದಿದ್ದರೆ ಹದ್ದು. ಬಾಲದ ಫೋಟೋಗಳೂ ಹೀಗೆ ಕೆಲಸಕ್ಕೆ ಬಂದವು!

ಮೀನು ಎಸೆದು ಕರೆಯುವ ಉಪಾಯವನ್ನು ಕೆಲವರು ಹೇಳಿದರು. ನನಗೆ ಅದು ಬೇಡ. ಬಂದರಿನಲ್ಲಿ ಬಲೆ ಕೊಡವಿದರೇ ಸಾಕಷ್ಟು ಬೀಳುತ್ತದೆ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಬೇಕು. ಆಗ ಬೆಳಿಗ್ಗೆಯೂ ಗಾಳಿ ಪಶ್ಚಿಮದಿಂದಲೇ, ಈ ಲೆಕ್ಕ ನಡೆಯುವುದಿಲ್ಲ. ಆದರೆ ಮೋಡ ಇದ್ದರೆ ಬೆಳಕಿಗೆ ದಿಕ್ಕೇ ಇರುವುದಿಲ್ಲ ಅಲ್ವಾ? ಬೆಳಿಗ್ಗೆಯೇ ಕಡಲಿಗೆ ಬೆನ್ನು ಹಾಕಿ ನಿಂತು, ಶಟರ್ 1/1600ಕ್ಕೆ ಇಳಿಸಿ ನೋಡುವ ಯೋಚನೆ ಇದೆ.