ಕನಸನ್ನು ಹೇಳದೆ ಆಡಿದ ವಾರಗಳು

ಮೂರನೆಯ ವಾರ
ಮನಸ್ಸಿನಲ್ಲಿರುವುದನ್ನು ಹೇಳುವ ಬದಲು ಆಡಿ ತೋರಿಸುವ ಚಿಕಿತ್ಸೆಯಾದ ಸೈಕೋಡ್ರಾಮಾದ ಗುಂಪು ನಮ್ಮದು. ಕನಸಿನ ಕಥೆ ಹೇಳಲು ಬಾಯಿ ತೆರೆದಿದ್ದೆ, ಗುಂಪನ್ನು ನಡೆಸುವ ನಿರ್ದೇಶಕಿ ತಡೆದರು. "ಹೇಳಬೇಡಿ, ತೋರಿಸಿ. ಆ ರಾತ್ರಿ ಎಲ್ಲಿ ಮಲಗಿದ್ದಿರಿ?" ಎರಡು ಬೆಂಚು ಜೋಡಿಸಿ ಮಂಚ ಮಾಡಿದೆ. ಕಿಟಕಿ ಯಾವ ಕಡೆ, ದೀಪ ಆರಿಸಿದ್ದು ಯಾರು, ಮಲಗುವ ಮುನ್ನ ಯಾವ ಯೋಚನೆ ಕಾಡುತ್ತಿತ್ತು ಎಂದು ಒಂದೊಂದಾಗಿ ಕೇಳಿದರು. ಉತ್ತರಿಸುತ್ತಲೇ ಕಣ್ಣು ಭಾರವಾಯಿತು. ಸೈಕೋಡ್ರಾಮಾ ರೂಪಿಸಿದ ಜೇಕಬ್ ಲೆವಿ ಮೊರೆನೊ (1889–1974) ಹಾಕಿಕೊಟ್ಟ ದಾರಿ ಇದು: ಕನಸು ಕಂಡವರು ಹಾಸಿಗೆಯಿಂದಲೇ ಕನಸಿನೊಳಗೆ ಇಳಿಯಬೇಕು, ಮತ್ತೆ ಅಲ್ಲಿಗೇ ಬಂದು ಎಚ್ಚರಗೊಳ್ಳಬೇಕು.

ನನ್ನದು ಮುಚ್ಚಿದ ಬಾಗಿಲಿನ ಕನಸು. ಅದನ್ನು ತಳ್ಳುತ್ತೇನೆ, ತೆರೆಯುವುದಿಲ್ಲ. ಎಷ್ಟೋ ಜನರಿಗೆ ಹೀಗೇ ಹೇಳಿದ್ದೆ. ಗುಂಪಿನ ಒಬ್ಬರು ಬಾಗಿಲಾಗಿ ನಿಂತರು. ಎದ್ದು ಅವರ ಬಳಿ ಹೋದವನು ಕೈ ಚಾಚಲೇ ಇಲ್ಲ. ತಿರುಗಿ ಬೆನ್ನು ಕೊಟ್ಟು ಒರಗಿ ನಿಂತೆ. ಬಾಗಿಲನ್ನು ಮುಚ್ಚಿ ಹಿಡಿದಿದ್ದವನು ನಾನೇ! ಇಷ್ಟು ವರ್ಷ ಮಾತು ಮುಚ್ಚಿಟ್ಟಿದ್ದನ್ನು ಬೆನ್ನು ಒಂದೇ ಗಳಿಗೆಯಲ್ಲಿ ಹೇಳಿಬಿಟ್ಟಿತು. ಪಾತ್ರ ಅದಲುಬದಲು ಮಾಡಿಸಿ ನನ್ನನ್ನೇ ಬಾಗಿಲಾಗಿಸಿದಾಗ "ನನಗೆ ಸಾಕಾಗಿದೆ" ಎಂಬ ಮಾತು ತಾನಾಗಿ ಬಂತು. ಅತ್ತುಬಿಟ್ಟೆ.

ಕೊನೆಗೆ ಎಲ್ಲರೂ ಅನುಭವ ಹಂಚಿಕೊಳ್ಳುವಾಗ ಒಬ್ಬರು "ಬಾಗಿಲೆಂದರೆ ನಿಮ್ಮ..." ಎಂದು ಅರ್ಥ ಹೇಳಲು ಹೊರಟರು. ನಿರ್ದೇಶಕಿ ನಯವಾಗಿ ನಿಲ್ಲಿಸಿದರು. ಇಲ್ಲಿ ವಿಶ್ಲೇಷಣೆಗೂ ಸಲಹೆಗೂ ಜಾಗವಿಲ್ಲ. ನೋಡಿದ್ದು ತಮ್ಮ ಬದುಕಿನಲ್ಲಿ ಏನನ್ನು ತಟ್ಟಿತು ಎಂಬುದನ್ನಷ್ಟೇ ಹೇಳಬೇಕು. ಅಷ್ಟು ಬಯಲಾದ ಮೇಲೆ ಯಾರಾದರೂ ನನ್ನನ್ನು ಬಿಡಿಸಿ ಹೇಳಿದ್ದರೆ ನಾನು ಮರಳಿ ಹೋಗುತ್ತಿರಲಿಲ್ಲ. ಬಾಗಿಲಾಗಿದ್ದವರು ಹಂಚಿಕೊಂಡದ್ದನ್ನು ಇಲ್ಲಿ ಬರೆಯಲಾರೆ, ಅದು ಆ ಕೋಣೆಗೆ ಸೇರಿದ್ದು.

ನಾಲ್ಕನೆಯ ವಾರ
ಬೇರೊಬ್ಬರ ಕನಸು. ನಾನು ಗೋಡೆ ಗಡಿಯಾರ. ಮುಗಿದ ಮೇಲೆ ನನ್ನ ಹೆಸರು ಹೇಳಿ ಪಾತ್ರ ಕಳಚುವುದನ್ನು ಮರೆತು ಹೊರಟೆ; ರಾತ್ರಿಯವರೆಗೂ ಭುಜ ಬಿಗಿದೇ ಇತ್ತು. ಇನ್ನು ಮರೆಯುವುದಿಲ್ಲ.

ಐದನೆಯ ವಾರ
ಮತ್ತೆ ನನ್ನ ಮಂಚ. ಈ ಸಲ ಎಚ್ಚರಗೊಂಡ ಮೇಲೆ ನಿರ್ದೇಶಕಿ ಕೇಳಿದರು: "ಕನಸನ್ನು ಮುಂದುವರಿಸುವ ಆಸೆಯಿದೆಯೇ? ಈಗ ನೀವು ಬೇಕಾದಂತೆ ಮುಗಿಸಬಹುದು." ಬಾಗಿಲಿನಿಂದ ಬೆನ್ನು ತೆಗೆಯಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರಪಡಿಸಲಿಲ್ಲ. ಅಂಗೈ ಅಗಲದಷ್ಟು ತೆರೆದೆ. ಆಚೆ ಯಾರನ್ನೂ ನಿಲ್ಲಿಸುವುದು ಬೇಡ, ಇಂದಿಗೆ ಇಷ್ಟು ಸಾಕು ಎಂದೆ. ಸಾಕೆಂದರು.

ದಿಂಬಿನ ಪಕ್ಕದ ಪುಸ್ತಕದಲ್ಲಿ ಈಗ ಕನಸಿನ ಕಥೆಗಿಂತ ಮೊದಲು ಇನ್ನೊಂದನ್ನು ಬರೆಯುತ್ತೇನೆ: ಎಚ್ಚರವಾದಾಗ ಕೈ ಎಲ್ಲಿತ್ತು, ಬೆನ್ನು ಯಾವ ಕಡೆಗಿತ್ತು.