ಜನ್ಮಸ್ಥಳದ ಕಾಲಂನಲ್ಲಿ ಹಿಡಿಸದ ಒಂದು ಹಳ್ಳಿ

ಉಲ್ಲೇಖ ಗ್ರಂಥಗಳ ಸಂಪಾದನೆಯಲ್ಲಿ ದೊಡ್ಡವರ ಪದವಿ, ಪ್ರಶಸ್ತಿಗಳು ಅಷ್ಟಾಗಿ ಕಾಡುವುದಿಲ್ಲ. ಅವರು ಹುಟ್ಟಿದ ಸಣ್ಣ ಊರುಗಳು ಕಾಡುತ್ತವೆ. ಇಸ್ರೇಲಿನ ಮೊದಲ ಅಧ್ಯಕ್ಷರೂ ರಸಾಯನ ವಿಜ್ಞಾನಿಯೂ ಆಗಿದ್ದ ಖೈಮ್ ವೈಜ್‌ಮನ್ ಅವರ ನಮೂದು ಕೊನೆಯ ಪ್ರೂಫಿಗೆ ಬಂದಾಗ ಜನ್ಮಸ್ಥಳದ ಕಾಲಂನಲ್ಲಿ 'ಮೋತೋಲ್, ರಷ್ಯಾ' ಎಂದಿತ್ತು. ಪಕ್ಕದ ನಕ್ಷೆಯ ಕೆಂಪು ಚುಕ್ಕೆ ಮಾತ್ರ ಜೆಕ್ ರಾಜಧಾನಿ ಪ್ರಾಗ್‌ನ ಮೇಲಿತ್ತು.

ನಮ್ಮ ನಕ್ಷೆಯ ಸಾಫ್ಟ್‌ವೇರ್ ಹೆಸರು ಕೊಟ್ಟರೆ ತಾನೇ ಚುಕ್ಕೆ ಇಡುತ್ತದೆ. ಪ್ರಾಗ್‌ನಲ್ಲಿ ದೊಡ್ಡ ಆಸ್ಪತ್ರೆಯಿರುವ ಮೋತೋಲ್ ಎಂಬ ಬಡಾವಣೆಯೊಂದಿದೆ. ಯಂತ್ರ ಅದನ್ನೇ ಆರಿಸಿಕೊಂಡಿತ್ತು. ನಮಗೆ ಬೇಕಾದ ಊರು ಬೆಲಾರೂಸಿನ ಬ್ರೆಸ್ತ್ ಪ್ರಾಂತದ ಇವಾನವ ಜಿಲ್ಲೆಯಲ್ಲಿ, ಯಸೆಲ್ದಾ ನದಿಯ ದಡದಲ್ಲಿದೆ. ಇಂದು ಅದನ್ನು ಮೋತಲ್ ಎನ್ನುತ್ತಾರೆ.

ಆ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಗುಚ್ಛ, ರಾತ್ರಿಯೇ ಮುದ್ರಣದ ಪ್ಲೇಟಿಗೆ ಹೋಗಬೇಕಿತ್ತು. "ಮೇಡಂ, ಚುಕ್ಕೆ ಸರಿಸಿದರೆ ಸಾಕಲ್ಲ, ರಷ್ಯಾ ಹಾಗೇ ಇರಲಿ, ಆಗ ರಷ್ಯಾನೇ ತಾನೆ?" ಎಂದು ವಿನ್ಯಾಸ ವಿಭಾಗದ ಹುಡುಗ ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಏಕೆಂದರೆ ವೈಜ್‌ಮನ್ ಹುಟ್ಟಿದ 1874ರಲ್ಲಿ ಆ ಊರು ರಷ್ಯಾ ಸಾಮ್ರಾಜ್ಯದ ಗ್ರೋದ್ನೋ ಪ್ರಾಂತಕ್ಕೆ ಸೇರಿತ್ತು. ಆದರೆ ನಾವು ಮುದ್ರಿಸುತ್ತಿದ್ದುದು ಇಂದಿನ ಗಡಿಗಳ ನಕ್ಷೆ. ಚುಕ್ಕೆಯನ್ನು ಸರಿಯಾದ ಜಾಗಕ್ಕೆ ತಂದರೆ ಅದು ಬೆಲಾರೂಸಿನೊಳಗೆ ಬೀಳುತ್ತದೆ, ಕೆಳಗಿನ ಅಕ್ಷರ ರಷ್ಯಾ ಎನ್ನುತ್ತದೆ. ಹೈಸ್ಕೂಲು ವಿದ್ಯಾರ್ಥಿ ಯಾವುದನ್ನು ನಂಬಬೇಕು? ಮೇಲಿನವರು ಫೋನಿನಲ್ಲಿ 'ಪುಟ ಬಿಡಿ' ಎಂದು ಒತ್ತಾಯಿಸುತ್ತಲೇ ಇದ್ದರು, ಅತ್ತ ಪ್ರೆಸ್ಸಿನವರು ಕಾಯುತ್ತಿದ್ದರು. ನಾನು ಸಹಿ ಹಾಕಲಿಲ್ಲ. ಆ ಹೊತ್ತಿನ ಮಾತುಗಳ ಕಹಿ ಇನ್ನೂ ಹೋಗಿಲ್ಲ.

ಮೋತಲ್ ಇದ್ದಲ್ಲಿಯೇ ಇದೆ, ಆದರೆ ಅದರ ಮೇಲೆ ಹಾದುಹೋದ ಆಳ್ವಿಕೆಗಳನ್ನು ನಮ್ಮ ಕಾಲಂ ಹಿಡಿಯಲಾರದು. ಲಿಥುವೇನಿಯಾದ ಮಹಾಸಂಸ್ಥಾನದಲ್ಲಿದ್ದ ಊರು ಪೋಲೆಂಡ್-ಲಿಥುವೇನಿಯಾ ಸಂಯುಕ್ತ ರಾಜ್ಯದ 1795ರ ವಿಭಜನೆಯಲ್ಲಿ ರಷ್ಯಾಕ್ಕೆ ಹೋಯಿತು. 1921ರ ರೀಗಾ ಒಪ್ಪಂದದಿಂದ ಪೋಲೆಂಡಿಗೆ, 1939ರಲ್ಲಿ ಸೋವಿಯತ್ ಒಕ್ಕೂಟಕ್ಕೆ, 1941ರಿಂದ 1944ರವರೆಗೆ ಜರ್ಮನ್ ಆಕ್ರಮಣಕ್ಕೆ ಒಳಗಾಗಿ, 1991ರಲ್ಲಿ ಸ್ವತಂತ್ರ ಬೆಲಾರೂಸಿನ ಭಾಗವಾಯಿತು. 1941ರ ಆಗಸ್ಟಿನಲ್ಲಿ ನಾಜಿಗಳ ಸಶಸ್ತ್ರ ಪಡೆ ಎಸ್‌ಎಸ್‌ನ ಅಶ್ವದಳದವರು ಅಲ್ಲಿನ ಯಹೂದಿಗಳನ್ನು ಗುಂಡಿಕ್ಕಿ ಕೊಂದರು, ವೈಜ್‌ಮನ್ ಬಾಲ್ಯದಲ್ಲಿ ಕಂಡಿದ್ದ ಯಹೂದಿ ಬದುಕು ಅಲ್ಲಿಗೆ ಅಳಿಯಿತು. ಈ ಒಂದು ವಾಕ್ಯ ನಮ್ಮ ಮೂಲ ನಮೂದಿನಲ್ಲಿ ಇರಲೇ ಇಲ್ಲ ಎಂಬುದು ಚುಕ್ಕೆಯ ತಪ್ಪಿಗಿಂತ ನನ್ನನ್ನು ಹೆಚ್ಚು ನೋಯಿಸಿತು.

ದೇಶದ ಹೆಸರು ಹೇಳಲಾಗದ್ದನ್ನು ನದಿ ಹೇಳುತ್ತದೆ. ಪೋಲೆಸಿಯದ ಜೌಗು ನೆಲದ ನಡುವೆ ಹರಿಯುವ ಯಸೆಲ್ದಾ ಪ್ರಿಪ್ಯಾತ್ ನದಿಯನ್ನು ಸೇರುತ್ತದೆ. ಪಿನ್ಸ್ಕ್ ಬಳಿಯಿಂದ ಪಿನಾ ನದಿ ಮತ್ತು ನೀಪರ್-ಬುಗ್ ಕಾಲುವೆಯ ಮೂಲಕ ಬುಗ್ ನದಿಗೆ, ಅಲ್ಲಿಂದ ಬಾಲ್ಟಿಕ್ ಸಮುದ್ರ ಸೇರುವ ವಿಸ್ತುಲಾ ನದಿಗೆ ಜಲಮಾರ್ಗವಿತ್ತು. ಮರದ ವ್ಯಾಪಾರದಲ್ಲಿದ್ದ ವೈಜ್‌ಮನ್ ಅವರ ತಂದೆಗೆ ಆ ನೀರಿನ ದಾರಿಯೇ ಜೀವನಾಧಾರ. ಅವರು ದಿಮ್ಮಿಗಳ ತೆಪ್ಪ ಕಟ್ಟಿಸಿ ಬಾಲ್ಟಿಕ್ ತೀರದ ದಾನ್‌ಜಿಗ್ (ಇಂದಿನ ಪೋಲೆಂಡಿನ ಗ್ದಾನ್ಸ್ಕ್) ಬಂದರಿನವರೆಗೆ ತೇಲಿಸುತ್ತಿದ್ದರು. ಮೂಲೆಯೂರು ಎಂದು ನಾವು ಒಂದೇ ಮಾತಿನಲ್ಲಿ ಬದಿಗಿಟ್ಟ ಹಳ್ಳಿಯಿಂದ ಸಮುದ್ರದವರೆಗೂ ಸರಕು ಹೋಗುತ್ತಿತ್ತು.

ಕೊನೆಗೆ ನಕ್ಷೆಯನ್ನು ಕೈಯಾರೆ ತಿದ್ದಿಸಿದೆ. ಚುಕ್ಕೆ 25 ಮತ್ತು 26 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಬಂತು. ಪಠ್ಯವನ್ನು 'ಯಸೆಲ್ದಾ ದಡದ ಮೋತಲ್, ಆಗ ರಷ್ಯಾ ಸಾಮ್ರಾಜ್ಯ, ಈಗ ಬೆಲಾರೂಸ್' ಎಂದು ಬದಲಿಸಿ, 1941ರ ವಾಕ್ಯವನ್ನು ಸೇರಿಸಿದ ಮೇಲೆಯೇ ಪುಟ ಬಿಟ್ಟೆ. ಈಗ ಹಳ್ಳಿಯ ಹೆಸರು ಕಂಡ ಕೂಡಲೇ ಅಕ್ಷಾಂಶ, ರೇಖಾಂಶ ಮತ್ತು ಹತ್ತಿರದ ನದಿಯನ್ನು ಲೇಖಕರಿಂದಲೇ ಕೇಳಿ ಪಡೆಯುತ್ತೇನೆ. ದೇಶದ ಕಾಲಂಗೆ ಇಸವಿಯನ್ನೂ ಜೋಡಿಸಿ ಎಂಬ ನನ್ನ ಬೇಡಿಕೆ ಆಡಳಿತದವರ ಬಳಿ ಇನ್ನೂ ಕೊಳೆಯುತ್ತಿದೆ. ಅಲ್ಲಿಯವರೆಗೆ ಟಿಪ್ಪಣಿಯ ಜಾಗದಲ್ಲಿ ಬರೆಯುತ್ತಿದ್ದೇನೆ.