ಕೌದಿ ಲೆಕ್ಕ: 48ರಲ್ಲಿ 35

ಕೌದಿ ಅಂದ್ರೆ ತುಂಡು ಬಟ್ಟೆ ಜೋಡಿಸಿ ಹೊಲಿಯೋ ಹೊದಿಕೆ. ಜನವರಿಯಲ್ಲಿ ಹಟ ಹಿಡಿದು ಶುರು ಮಾಡಿದ್ದು, ವಾರಕ್ಕೊಂದು ಚೌಕ ಅಂತ. ಹಬ್ಬ ಹುಣ್ಣಿಮೆ ಅಂತ ನಾಲ್ಕು ವಾರ ಬಿಟ್ಟರೂ 48 ಆಗಬೇಕಿತ್ತು. ಒಂದೊಂದು ಚೌಕ 9 ಇಂಚು. ಅಡ್ಡ ಆರು, ಉದ್ದ ಎಂಟು. ಒಬ್ಬರು ಕಾಲು ಚಾಚಿ ಹೊದೆಯೋ ಅಷ್ಟು ಕೌದಿ. ಇವತ್ತು 2025ರ ಡಿಸೆಂಬರ್ 28, ಭಾನುವಾರ. ಬಿಸ್ಕತ್ ಡಬ್ಬದಿಂದ ಎಲ್ಲ ತೆಗೆದು ಎಣಿಸಿದೆ. 35.

ಬಟ್ಟೆಗೇನೂ ಬರ ಇಲ್ಲ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು, ಮಿಷಿನ್ ಕೆಳಗೆ ತುಂಡು ಬಟ್ಟೆ ರಾಶಿ ಬಿದ್ದಿರುತ್ತದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರಲ್ಲ, ನಮ್ಮ ಮೇಲೂ ಅದೇ ಅನುಮಾನ. ಅದಕ್ಕೇ ಮಿಕ್ಕ ತುಂಡನ್ನು ಬ್ಲೌಸ್ ಜೊತೆ ಕವರ್‌ನಲ್ಲಿ ಹಾಕಿಯೇ ಕೊಡ್ತೀನಿ. ಮಾನಂದವಾಡಿ ರಸ್ತೆ ಫ್ಯಾಕ್ಟರಿಯಿಂದ ತಂದ ಮೈಸೂರು ಸಿಲ್ಕ್ ಆದರಂತೂ ಒಂದು ಗೇಣು ತುಂಡನ್ನೂ ಕೇಳಿ ತೆಗೆದುಕೊಂಡು ಹೋಗ್ತಾರೆ. ಬೇಡ ಅಂದವರದು ಮಾತ್ರ ಡಬ್ಬಕ್ಕೆ.

ಕೌದಿ ಹೇಳಿಕೊಟ್ಟವರು ಹಿಂದಿನ ಮನೆ ಬಾಡಿಗೆಗಿದ್ದ ಧಾರವಾಡ ಕಡೆಯ ಅಜ್ಜಿ. "ಅಂಚಿನಿಂದ ಹಿಡದು ಒಳಗ ಬರ್ಬೇಕವ್ವಾ, ನಡುವಿಂದ ಹೊರಗ ಹೋದ್ರ ಗುಬ್ಬಿ ಏಳ್ತದ" ಅಂದಿದ್ದರು, ಅಂದ್ರೆ ಬಟ್ಟೆ ಅಲ್ಲಲ್ಲಿ ಉಬ್ಬಿಕೊಳ್ಳುತ್ತೆ ಅಂತ. ಅವರ ಪ್ರಕಾರ ನನ್ನದು ಕೌದಿಯೇ ಅಲ್ಲ, ಚೌಕ ಕತ್ತರಿಸಿ ಮಿಷಿನ್‌ನಲ್ಲಿ ಜೋಡಿಸೋದೆಲ್ಲ ಪಟ್ಟಣದ ಸೋಮಾರಿತನ. ಇರಲಿ. ಚೌಕಗಳ ಕೆಳಗೆ ಹಾಕೋದು ಅತ್ತೆಯ ಹಳೇ ಕಾಟನ್ ಸೀರೆ, ಮೇಲಿನ ಹೊಲಿಗೆ ಕೈಯಲ್ಲೇ.

ತಿಂಗಳ ಲೆಕ್ಕ ನೋಟ್‌ಬುಕ್‌ನಲ್ಲಿದೆ. ಜನವರಿಯಲ್ಲಿ 5 ಚೌಕ, ಫೆಬ್ರವರಿ 3, ಮಾರ್ಚ್ 4. ಏಪ್ರಿಲ್ ಮದುವೆ ಸೀಸನ್, 2. ಮೇ 1, ಯಾಕಂದ್ರೆ ಸ್ಕೂಲ್ ಯೂನಿಫಾರಂ. ಜೂನ್ 3. ಜುಲೈ 8! ಆಷಾಢ ಬಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜನ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಹೊಸ ಬ್ಲೌಸ್ ಹೊಲಿಸಲ್ಲ. ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲೇ ಕೌದಿ ಓಡಿತು. ಆಗಸ್ಟ್ 1. ಸೆಪ್ಟೆಂಬರ್ ಸೊನ್ನೆ. ಅದೇ ಸೆಪ್ಟೆಂಬರ್‌ನಲ್ಲಿ 64 ಬ್ಲೌಸ್ ಹೊಲಿದಿದ್ದೀನಿ, ವರ್ಷದಲ್ಲೇ ಜಾಸ್ತಿ. ಅಕ್ಟೋಬರ್ 1, ನವೆಂಬರ್ 2, ಈಗ ಧನುರ್ಮಾಸ, ಮತ್ತೆ 5.

ಆಗಸ್ಟ್ ಬಗ್ಗೆ ಬರೆಯಲೇಬೇಕು. ವರಮಹಾಲಕ್ಷ್ಮಿ ಹಬ್ಬ 8ನೇ ತಾರೀಕು. ಅದಕ್ಕೆ ನಾಲ್ಕು ದಿನ ಮುಂಚೆ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಬ್ಯಾಂಡೇಜು. ಹೊರಗಿನವರಿಗೆ ಇದು ಅತ್ತೆಗೆ ಏಟು ಬಿತ್ತು ಅನ್ನೋ ಸುದ್ದಿ ಅಷ್ಟೇ. ಆದರೆ ನಮ್ಮನೆಯಲ್ಲಿ ಹೆಮ್ಮಿಂಗ್, ಹುಕ್ಕು, ಕುಚ್ಚು ಎಲ್ಲ ಅವರದೇ ಕೈ. ಸಂಜೆ ಟಿವಿ ಮುಂದೆ ಕೂತು ಮೂರು ಬ್ಲೌಸ್‌ಗೆ ಹುಕ್ಕು ಹಾಕಿ ಏಳೋರು. ಆ ಕೈ ನಿಂತ ಮೇಲೆ ಗೊತ್ತಾಯಿತು, ನಾನು ಒಬ್ಬಳೇ ದುಡೀತಿದ್ದೀನಿ ಅಂತ ಹೇಳಿಕೊಂಡು ತಿರುಗ್ತಿದ್ದಿದ್ದು ಎಷ್ಟು ಸುಳ್ಳು ಅಂತ.

ಹೆಮ್ಮಿಂಗನ್ನು ಪಕ್ಕದ ಬೀದಿಯವರಿಗೆ ಬ್ಲೌಸ್‌ಗೆ 40 ರೂಪಾಯಿಯಂತೆ ಕೊಟ್ಟೆ. ಉಳಿದದ್ದು ರಾತ್ರಿ ನಾನೇ. ಆ ಅವಸರದಲ್ಲೇ ತಪ್ಪು ಮಾಡಿದೆ. ಲೈನಿಂಗ್ ಬಟ್ಟೆಯನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕಾಟನ್ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗಲ್ಲ. ಹೊಲಿಗೆ ಕಲಿತ ಮೊದಲ ವಾರದ ಪಾಠ ಇದು. ಮಳೆ, ಒಣಗಲ್ಲ ಅಂತ ಹಾಗೇ ಕತ್ತರಿಸಿಬಿಟ್ಟೆ. ಮೂರು ವಾರಕ್ಕೆ ವಾಪಸ್ ಬಂತು, ಕಂಕುಳಲ್ಲೆಲ್ಲ ನೆರಿಗೆ ನಿಂತಿತ್ತು. ಬಿಚ್ಚಿ, ಹೊಸ ಲೈನಿಂಗ್ ಹಾಕಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಆ ಹಳೇ ಲೈನಿಂಗ್ ಈಗ 27ನೇ ಚೌಕ, ಆಗಸ್ಟ್‌ನ ಒಂದೇ ಒಂದು. ಇನ್ನೇನು, ಚೆನ್ನಾಗಿ ಕುಗ್ಗಿ ಮುಗಿದಿದೆ, ಕೌದಿಗೆ ಹೇಳಿ ಮಾಡಿಸಿದ ಹಾಗೆ!

ಸೆಪ್ಟೆಂಬರ್ 5ಕ್ಕೆ ಬಾಗಿಲಿಗೆ ಚೀಟಿ ಅಂಟಿಸಿದೆ: ದಸರಾ ಆರ್ಡರ್ ಮುಗಿದಿದೆ. ಹತ್ತು ವರ್ಷದಲ್ಲಿ ಮೊದಲ ಸಲ. ಹಳೇ ಗಿರಾಕಿ ಒಬ್ಬರು ಮುಖ ಊದಿಸಿಕೊಂಡು ಹೋದರು, ಇನ್ನೂ ಬಂದಿಲ್ಲ. ಬೇಜಾರಿದೆ. ಆದರೂ ಆ ಚೀಟಿ ಅಂಟಿಸಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಈ ಸಲ ದಸರಾ 11 ದಿನ ಇತ್ತು, ಸೆಪ್ಟೆಂಬರ್ 22ರಿಂದ. ಅಕ್ಟೋಬರ್ 1ಕ್ಕೆ ಆಯುಧಪೂಜೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು, ಪೂಜೆ ಮಾಡಿದ ಮಿಷಿನ್ ಮುಟ್ಟೋ ಹಾಗಿಲ್ಲ. 30ನೇ ತಾರೀಕು ರಾತ್ರಿ ಒಂದೂವರೆಗೆ ಕೊನೇ ಬ್ಲೌಸ್ ಮುಗಿಸಿದೆ. ಮಗ ಎದ್ದು ಕೂತು ದಾರ ಕತ್ತರಿಸಿಕೊಟ್ಟ. ಅವನ ಸ್ಕೂಲಿನ ಪೋಷಕರ ಸಭೆಗೆ ಹೋಗದೇ ಇದ್ದಿದ್ದೂ ಅದೇ ತಿಂಗಳು, ಅವನು ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರನೇ ದಿನ ಮಿಷಿನ್‌ಗೆ ಅರಿಶಿನ ಕುಂಕುಮ, ಕತ್ತರಿಗೆ, ಟೇಪಿಗೆ, ಸೂಜಿಡಬ್ಬಿಗೂ ಹೂವು. ಅತ್ತೆ ಎಡಗೈಯಲ್ಲೇ ಮಂಗಳಾರತಿ ಎತ್ತಿದರು. ಬ್ಯಾಂಡೇಜು ಬಿಚ್ಚಿದ್ದರೂ ಬಲಗೈಗೆ ಇನ್ನೂ ಬಲ ಬಂದಿರಲಿಲ್ಲ. ಕೈಗೆ ಸೂಜಿ ಇಲ್ಲದೆ ಆವತ್ತು ಇಡೀ ದಿನ ನನಗೆ ಏನು ಮಾಡಬೇಕೋ ತೋಚಲಿಲ್ಲ, ನಿಜ.

ಈಗ ಕೌದಿಗೆ ಬರ್ತೀನಿ. 13 ಚೌಕ ಕಮ್ಮಿ. ಹೊಸ ವರ್ಷಕ್ಕೆ ಎಳೆಯೋದು ಬೇಡ ಅಂತ ಅಡ್ಡ ಐದು, ಉದ್ದ ಏಳು ಹಾಕಿ ನೆಲದ ಮೇಲೆ ಹಾಸಿ ನೋಡಿದೆ. ಸರಿಯಾಗಿ ಕೂತಿತು. ಜರಿ ತುಂಡು ಒಂದೂ ಹಾಕಿಲ್ಲ, ಮೈಗೆ ಚುಚ್ಚುತ್ತೆ. ರೇಷ್ಮೆ ಚೌಕದ ಹಿಂದೆ ಕಾಟನ್ ಕೊಟ್ಟಿದ್ದೀನಿ. ಅತ್ತೆ ಬಂದು ಅಂಚಿಂದ ಹೊಲಿಗೆ ಶುರು ಮಾಡಿದರು, ಮೊದಲಿನಷ್ಟು ಸಣ್ಣ ಹೊಲಿಗೆ ಬರ್ತಿಲ್ಲ, ಸ್ವಲ್ಪ ಡೊಂಕು. ಬಿಚ್ಚಲ್ಲ.

ಮಗ ಮಲಗಿ ಅಳತೆ ನೋಡಿದ. 63 ಇಂಚು ಸಾಲಲಿಲ್ಲ, ಪಾದ ಪೂರ್ತಿ ಹೊರಗೆ. ಜನವರಿಯಲ್ಲಿ ಅಳೆದಿದ್ದರೆ ಸಾಕಾಗ್ತಿತ್ತೇನೋ. "ಇನ್ನೊಂದು ಸಾಲು ಹಾಕಮ್ಮ, ಐದೇ ಅಲ್ವಾ" ಅಂದ. ಸರಿ ಅಂತ ಡಬ್ಬ ಕೆದಕುತ್ತಾ ಕೂತಿದ್ದೆ, ಫೋನ್ ಬಂತು. ಸಂಕ್ರಾಂತಿ ಆದ ಮೇಲೆ ಮದುವೆಯಂತೆ, 11 ಬ್ಲೌಸ್.